ವಾರಗಿತ್ತಿಯ ಬೀಸುವ ಪದ

ಆ ಹಾಡು ನಾನು ಕಟ್ಟಿದ್ದಲ್ಲ. ನನ್ನ ವಾರಗಿತ್ತಿ ಕಟ್ಟಿದ್ದು. ನನ್ನದು ಅಂತ ಹೇಳಿಕೊಂಡೆ. ನಡೆದದ್ದು ಇಷ್ಟೇ.

ನಾನಿರೋದು ಆಸ್ಟ್ರೇಲಿಯಾದ ಅಡಿಲೇಡಿನ ಮಾಡ್ಬರಿಯಲ್ಲಿ, ಮಗಳ ಮನೇಲಿ. ಮೊಮ್ಮಗಳು ಬ್ರಿಸ್ಬೇನಿಗೆ ಓದಕ್ಕೆ ಹೋದವಳು ಗಿಟಾರ್ ಹಿಡಿದು ಕಂಟ್ರಿ ಅನ್ನೋ ಇಲ್ಲಿನ ಹಳ್ಳಿಗಾಡಿನ ಪದಗಳ ಹಾಡುಗಾರ್ತಿಯಾದಳು. ಕುದುರೆ, ಲಾರಿ, ಬಿಟ್ಟುಹೋದ ಗಂಡ, ಇಂಥವೇ ಹಾಡು. ಒಂದು ಸಲ ರಜಕ್ಕೆ ಬಂದಾಗ ನಾನು ಚಪಾತಿ ಲಟ್ಟಿಸುತ್ತಾ ಬೀಸುವ ಪದ ಒಂದನ್ನ ಗುನುಗುತ್ತಿದ್ದೆ. "ಬೊಬ್ಬೆ ಬಂದ ಕೈಯ ಸುದ್ದಿ ತವರಿಗೆ ಹೇಳಬೇಡ ಗಾಳಿಯೇ" ಅಂತ.

"ಅಜ್ಜಿ, ಡಿಡ್ ಯೂ ಮೇಕ್ ದಿಸ್?" ಅಂದಳು.

ಮಾತ್ರೆ ತಗೊಂಡ್ಯಾ ಅನ್ನೋದು ಬಿಟ್ಟರೆ ಆ ಮನೇಲಿ ನನ್ನನ್ನ ಯಾರೂ ಏನೂ ಕೇಳುತ್ತಿರಲಿಲ್ಲ. ಹೂಂ ಅಂದೆ.

ರಾಗಿ ಬೀಸೋ ಕಲ್ಲಿನ ಮುಂದೆ ಇಬ್ಬರು ಕೂತರೆ ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಹಿಂದಿನಿಂದ ಎಳೀತಾಳೆ. ಎತ್ತುತ್ತಿದ್ದವಳು ವಾರಗಿತ್ತಿ, ಎಳೀತಿದ್ದವಳು ನಾನು. ಯಾರದು ಅಂತ ಎಲ್ಲೂ ಬರೆದಿಡೋದಿಲ್ಲ. ಕದಿಯೋದು ಸುಲಭ.

ಮೊಮ್ಮಗಳು ಅದನ್ನ ಇಂಗ್ಲಿಷಿಗೆ ತಿರುಗಿಸಿ ಹಾಡಿದಳು. ಆಲ್ಬಮ್ ಬಂತು, ಒಳಗೆ ನನ್ನ ಹೆಸರು ಅಚ್ಚಾಗಿತ್ತು. ದೇಶದ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ನಾಲ್ಕನೇದಾಯ್ತು. ಇಲ್ಲಿನ ಕನ್ನಡದವರ ಬಾರ್ಬಿಯಲ್ಲಿ, ಅಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನೋ ಕೂಟದಲ್ಲಿ, "ಆಂಟಿ, ಒಂದು ಸೆಲ್ಫಿ" ಅಂತ ಮುತ್ತಿಕೊಂಡರು. ನಾನೂ ಹಲ್ಲು ಕಿರಿದು ನಿಂತೆ.

ಅವತ್ತೇ ಸಂಜೆ ಊರಿಂದ ವಾರಗಿತ್ತಿ ಫೋನ್ ಮಾಡಿದಳು. ಯಾರೋ ಹಾಡು ಕೇಳಿಸಿ, ಅರ್ಥ ಬಿಡಿಸಿ, ಹೆಸರೂ ಓದಿ ಹೇಳಿದ್ದರಂತೆ.

"ಮಗು ಚೆನ್ನಾಗಿ ಹಾಡ್ತದೆ ಅಕ್ಕ. ನೀನು ಯಾವಾಗ ಕಟ್ಟಿದ್ದು? ನಾನು ನೀರಿಗೆ ಹೋಗಿದ್ದಾಗಲಾ?"

"ಸಿಗ್ನಲ್ ಇಲ್ಲ ಕಣೇ" ಅಂತ ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗೇ ಇತ್ತು.

ಮದುವೆಯಾಗಿ ಬಂದ ವರ್ಷ ಅವಳ ಅಂಗೈ ಬೊಬ್ಬೆ ಒಡೆದಾಗ ಕಟ್ಟಿದ ಪದ ಅದು. ಬೆಣ್ಣೆ ಹಚ್ಚಿದವಳು ನಾನೇ. ಮರೆತಿದ್ದೆ ಅಂತ ಹೇಳಿದರೆ ಅದೂ ಸುಳ್ಳು. ಮೊಮ್ಮಗಳು ಆಗ ಪರ್ತಿನಲ್ಲಿದ್ದಳು. ಮಾರನೇ ದಿನ ಅಲ್ಲಿನ ರೇಡಿಯೋದಲ್ಲಿ ಅಜ್ಜಿಯ ಹಾಡಿನ ಕತೆ ಹೇಳೋದಿತ್ತು. ನಾನು ಬಾಯಿಬಿಡದಿದ್ದರೆ ನನ್ನ ಸುಳ್ಳನ್ನ ಆ ಹುಡುಗಿ ಊರಿಗೆಲ್ಲ ಸಾರಬೇಕಿತ್ತು.

ಬೆಳಿಗ್ಗೆ ಎದ್ದವಳೇ ಮುಖವೂ ತೊಳೀದೆ ಅವಳಿಗೆ ಫೋನ್ ಹಚ್ಚಿದೆ. ಪರ್ತಿನಲ್ಲಿ ಇನ್ನೂ ಬೆಳಕಾಗಿರಲಿಲ್ಲ.

"ಯೂ ಲೈಡ್, ಅಜ್ಜಿ?"

"ಹೂಂ. ಸುಳ್ಳು ಹೇಳಿದೆ."

ಪೆನ್ನು ತಗೋ ಅಂದೆ. ವಾರಗಿತ್ತಿಯ ಹೆಸರನ್ನ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.