ಮೊದಲು ಯಾರದು ಮುಟ್ಟಿಸಬೇಕು

ನನ್ನ ಬಳಿ ಮೂರು ಕ್ರೆಡಿಟ್ ಕಾರ್ಡುಗಳಿವೆ. ಅವುಗಳಲ್ಲಿ ಎರಡು ಮಾತ್ರ ನನ್ನ ಹೆಂಡತಿ ಸುಮಂಗಲಾಗೆ ಗೊತ್ತಿದ್ದವು. ಈ ವಾಕ್ಯದ ಭೂತಕಾಲವನ್ನು ದಯವಿಟ್ಟು ಗಮನಿಸಿ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿದವನು ನಾನು, ಕಾಲವನ್ನು ಸುಮ್ಮನೆ ಬದಲಿಸುವುದಿಲ್ಲ.

ಮನೆ ಗೋಕಾಕದಲ್ಲಿ, ನೌಕರಿ ಕುಲಗೋಡದಲ್ಲಿ. ಕಾರ್ಡುಗಳನ್ನು ಅವು ಸಿಕ್ಕ ಊರಿನ ಹೆಸರಿನಿಂದಲೇ ಕರೆಯುತ್ತೇನೆ. ಗೋಕಾಕದ ಕಾರ್ಡಿನ ಮೇಲೆ ಫ್ರಿಜ್ಜು, ಟಿವಿ ಕೂತಿವೆ. ಸಾಲ ದೊಡ್ಡದು, ಆದರೆ ಕಂತು ಮಾಡಿಸಿದ್ದರಿಂದ ಬಡ್ಡಿ ಸಣ್ಣದು. ಮೂಡಲಗಿಯ ಕಾರ್ಡು ಮಗಳ ಹಾಸ್ಟೆಲ್ ಖರ್ಚಿನದು. ಸಾಲ ನಡುಮಧ್ಯದ್ದು, ಬಡ್ಡಿ ಮಾತ್ರ ವಿಪರೀತ. ಹುಕ್ಕೇರಿಯ ಕಾರ್ಡಿನ ಸಾಲ ಎಲ್ಲಕ್ಕಿಂತ ಚಿಕ್ಕದು. ಸುಮಂಗಲಾಗೆ ಗೊತ್ತಿಲ್ಲದಿದ್ದದ್ದು ಅದೇ.

ಸಾಲ ಎಂಬ ಶಬ್ದದ ಬಗ್ಗೆ ನನ್ನದೊಂದು ಸಂಶೋಧನೆ ಇದೆ. ಯಾವ ನಿಘಂಟಿನವರೂ ಒಪ್ಪಲಿಕ್ಕಿಲ್ಲ, ಇರಲಿ. ಪಗಾರ 'ಸಾಲದು' ಎಂದುಕೊಂಡ ದಿನ ಅದರ ಕೊನೆಯ 'ದು' ಉದುರಿಬೀಳುತ್ತದೆ, ಉಳಿಯುವುದು ಸಾಲ. ಇನ್ನು ನಮ್ಮ ಕಡೆ ಭಾಂಡೆ ತಿಕ್ಕುತ್ತಾರೆ, ಹಲ್ಲು ತಿಕ್ಕುತ್ತಾರೆ, ಈಗೀಗ ಅಂಗಡಿಯಲ್ಲಿ ಕಾರ್ಡನ್ನೂ ತಿಕ್ಕುತ್ತಾರೆ. ಯಾವುದನ್ನು ತಿಕ್ಕಿದರೂ ಏನಾದರೊಂದು ಸ್ವಚ್ಛವಾಗುತ್ತದೆ ಅನ್ನುವುದು ಖರೆ. ಕಾರ್ಡು ತಿಕ್ಕಿದರೆ ಮುಂದಿನ ತಿಂಗಳ ಪಗಾರ ಸ್ವಚ್ಛವಾಗುತ್ತದೆ.

ಹುಕ್ಕೇರಿಯ ಕಾರ್ಡನ್ನು ತಿಕ್ಕಿದ್ದು ಒಂದೇ ಸಲ, ಒಂದು ಗೇರಿನ ಸೈಕಲ್ಲಿಗಾಗಿ. ಸಕ್ಕರೆ ಕಾಯಿಲೆಯ ಡಾಕ್ಟರು ಕಾಲಾಡಿಸಿ ಎಂದರು. ನಡೆಯಬಹುದಿತ್ತು, ಅದಕ್ಕೆ ದುಡ್ಡು ಬೀಳುತ್ತಿರಲಿಲ್ಲ. ಆದರೆ ಹುಕ್ಕೇರಿಯಲ್ಲಿರುವ ಗೆಳೆಯ ಶಿವಪುತ್ರನ ಮನೆಗೆ ಹೋದಾಗ, ಅಲ್ಲಿನ ಅಂಗಡಿಯ ಗಾಜಿನ ಹಿಂದೆ ಆ ನೀಲಿ ಸೈಕಲ್ಲು ನಿಂತಿತ್ತು. ಐವತ್ತರ ಹತ್ತಿರ ಬಂದ ನನಗೆ, ಸಣ್ಣವನಿದ್ದಾಗಲೂ ಆಗದಷ್ಟು ಆಸೆಯಾಯಿತು. ಆ ವಾರವೇ ಬಾಜೂ ಅಂಗಡಿಯೆದುರು ಮೇಜು ಹಾಕಿಕೊಂಡು ಕೂತ ಬ್ಯಾಂಕಿನವರು ಕಾರ್ಡು ಮಾಡಿಕೊಟ್ಟರು.

ಇಷ್ಟಾದರೆ ಹೇಳಿಬಿಡಬಹುದಿತ್ತು. ತೊಂದರೆ ಏನೆಂದರೆ, ಅದಕ್ಕೆ ಹದಿನೈದು ದಿನ ಮೊದಲು ಸುಮಂಗಲಾ ಹೊಸ ಮಿಕ್ಸರ್ ಬೇಕು ಎಂದಿದ್ದಳು. ನಾನು ಸಾಲದ ಅನಾಹುತಗಳ ಮೇಲೆ ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದ್ದೆ. ಆ ಬಾಯಿಂದ ಸೈಕಲ್ಲಿನ ಮಾತು ಹೇಗೆ ಬರಬೇಕು? "ಶಿವಪುತ್ರ ಕೊಟ್ಟಾನ, ಅವರ ಮನ್ಯಾಗ ಯಾರೂ ಸೈಕಲ್ ಹೊಡಿಯೂದಿಲ್ಲಂತ" ಎಂದುಬಿಟ್ಟೆ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ಸುಮಂಗಲಾ ಇನ್ನೊಬ್ಬರಿಂದ ಬಿಟ್ಟಿ ತೆಗೆದುಕೊಳ್ಳುವ ಮನೆತನದವಳಲ್ಲ. ಪುಕ್ಕಟೆ ಸೈಕಲ್ಲು ಬಂದದ್ದೇ ತಡ, ಶಿವಪುತ್ರನಿಗೆ ಶೇಂಗಾ ಹೋಳಿಗೆ ಹೋಗತೊಡಗಿದವು. ನಾನು ಹುಕ್ಕೇರಿಗೆ ಹೊರಟಾಗಲೆಲ್ಲ ಕೈಯಲ್ಲಿ ಒಂದು ಡಬ್ಬಿ. ಶೇಂಗಾ ಪುಡಿಯಾಗುತ್ತಿದ್ದದ್ದು ಅದೇ ಹಳೆಯ ಮಿಕ್ಸರಿನಲ್ಲಿ, ಅವಳು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದು ನಿಂತರೆ. ಒಳಗಿನಿಂದ ಆ ಗರಗರ ಕೇಳಿದಾಗಲೆಲ್ಲ ನಾನು ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ವಿಷಯ ಗೊತ್ತಿದ್ದ ಶಿವಪುತ್ರನಿಗೆ ಅಂಥ ಸಂಕಟವೇನಿರಲಿಲ್ಲ. ಬೆರಳು ನೆಕ್ಕುತ್ತ ಒಮ್ಮೆ ಕೇಳಿದ, "ಮಾಸ್ತರ, ಇನ್ನೊಂದ್ ಸೈಕಲ್ ಕೊಡ್ಲೇನೋ ನಿನಗ?"

ಹೀಗೆ ಎಂಟು ತಿಂಗಳು ನಡೆಯಿತು. ಕಳೆದ ತಿಂಗಳು ಓಣಿಯ ಹೆಣ್ಣುಮಕ್ಕಳ ಭಿಶಿ ಸುಮಂಗಲಾಗೆ ಬಂತು. ತಿಂಗಳಿಗಿಷ್ಟು ಎಂದು ಎಲ್ಲರೂ ಕೂಡಿಸಿ, ಚೀಟಿ ಎತ್ತಿ ಒಬ್ಬರಿಗೆ ಕೊಡುವ ದುಡ್ಡು ಅದು. ಇಪ್ಪತ್ತು ಸಾವಿರ. ಮಿಕ್ಸರ್ ತೆಗೆದುಕೊ ಎಂದೆ. ಅವಳು ಕೇಳಲಿಲ್ಲ, ಮೊದಲು ಒಂದು ಸಾಲವಾದರೂ ಹಗುರಾಗಲಿ ಎಂದಳು. ಯಾವುದು ಎಂದು ವಿಚಾರಿಸಿಕೊಂಡು ಬರಲು ನನಗೆ ಹೇಳಿದಳು.

ನಾನು ಶಾಲೆಯಲ್ಲಿ ವಿಚಾರಿಸಿದೆ. ಈ ವಿಷಯದಲ್ಲಿಯೂ ದ್ವೈತ, ಅದ್ವೈತದ ಹಾಗೆ ಎರಡು ಮತಗಳಿವೆ ಎಂದು ಆಗ ತಿಳಿಯಿತು. ಗಣಿತದ ಮಾಸ್ತರರದು ಬಡ್ಡಿಮತ: ಯಾವುದಕ್ಕೆ ಬಡ್ಡಿ ಹೆಚ್ಚೋ ಅದನ್ನು ಮೊದಲು ಮುಗಿಸಿ, ಉಳಿತಾಯ ಅದರಲ್ಲೇ. ಡ್ರಿಲ್ ಮಾಸ್ತರರದು ಹುರುಪಿನ ಮತ: ಎಲ್ಲಕ್ಕಿಂತ ಚಿಕ್ಕದನ್ನು ಮೊದಲು ಹೊಡೆದುರುಳಿಸಿ, ಒಂದು ಬಿದ್ದರೆ ಉಳಿದವನ್ನು ಕೆಡವಲು ತೋಳಿಗೆ ಬಲ ಬರುತ್ತದೆ. ಇಬ್ಬರೂ ಚಹಾ ಆರುವವರೆಗೆ ವಾದಿಸಿದರು. ನನ್ನದು ಮೂರನೆಯ ಮತ, ಅದನ್ನು ಹೊರಗೆ ಹೇಳುವಂತಿರಲಿಲ್ಲ: ಹೆಂಡತಿಗೆ ಗೊತ್ತಿಲ್ಲದ್ದನ್ನು ಮೊದಲು ತೀರಿಸಬೇಕು. ಆದರೆ ಅವಳ ದುಡ್ಡಿನಿಂದಲೇ, ಅವಳಿಗೆ ತಿಳಿಯದಂತೆ! ಅಷ್ಟು ನೀಚನಾಗಲು ನನಗೂ ಮನಸ್ಸು ಬರಲಿಲ್ಲ. ಬಹಳ ಯೋಚಿಸಿ, ಮೂಡಲಗಿಯದನ್ನು ತೀರಿಸೋಣ ಎಂದು ಸಂಭಾವಿತನಂತೆ ಹೇಳಿದೆ.

ಸುಮಂಗಲಾ ಬೇಡವೆಂದು ತಲೆ ಅಲ್ಲಾಡಿಸಿದಳು. ಅವಳ ಪಟ್ಟಿಯಲ್ಲಿ ಇನ್ನೊಂದು ಸಾಲವಿತ್ತು.

"ಬ್ಯಾಂಕಿನವರು ಬಡ್ಡಿ ತಗೋತಾರ, ಅವರ ಹಂಗು ನಮಗಿಲ್ಲ. ಹುಕ್ಕೇರಿ ಅಣ್ಣಾರು ಒಂದ್ ರೂಪಾಯಿ ತಗೊಂಡಿಲ್ಲ. ಮೊದ್ಲ ಸೈಕಲ್ ರೊಕ್ಕ ಅವರಿಗೆ ಮುಟ್ಟಿಸಿ ಬರೂಣು, ನಡೀರಿ."

ಅವಳು ಆಗಲೇ ಹೊರಗೆ ಹೋಗುವ ಸೀರೆ ಉಟ್ಟಿದ್ದಳು. ಹುಕ್ಕೇರಿಯ ಬಸ್ಸಿಗೆ ಅರ್ಧ ತಾಸಿತ್ತು. ಶಿವಪುತ್ರನಿಗೆ ಫೋನು ಮಾಡಿ ರೊಕ್ಕ ತೆಗೆದುಕೊಳ್ಳುವ ನಾಟಕ ಮಾಡು ಎನ್ನಬಹುದಿತ್ತು. ಅವನು ಸಂತೋಷದಿಂದಲೇ ಮಾಡುತ್ತಿದ್ದ. ಆದರೆ ಅವಳು ನೋಟುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಿಂತಿದ್ದಳಲ್ಲ, ಅದನ್ನು ನೋಡಿ ನನ್ನ ಧೈರ್ಯವೆಲ್ಲ ಸೋರಿಹೋಯಿತು. ಇಲ್ಲದ ಋಣವನ್ನು ತೀರಿಸಲು ಹೊರಟವಳ ಎದುರು ಇದ್ದ ಸಾಲವನ್ನು ಮುಚ್ಚಿಟ್ಟವನು ಎಷ್ಟು ಹೊತ್ತು ನಿಂತಾನು?

"ಅದು ಶಿವಪುತ್ರ ಕೊಟ್ಟದ್ದಲ್ಲ. ನಾನ ತಗೊಂಡೇನಿ, ಇನ್ನೊಂದ್ ಕಾರ್ಡಿನ್ಯಾಗ."

ಅವಳು ಕರವಸ್ತ್ರದ ಗಂಟನ್ನು ಮೇಜಿನ ಮೇಲಿಟ್ಟಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಹಂಗಾರ ನಾ ಕಳಿಸಿದ ಹೋಳಿಗಿ?"

"ತಿಂದಾನ" ಎಂದೆ. ಇದಕ್ಕಿಂತ ಕಷ್ಟದ ಉತ್ತರವನ್ನು ನಾನು ಯಾವ ಪರೀಕ್ಷೆಯಲ್ಲಿಯೂ ಬರೆದಿಲ್ಲ.

ಮುಂದಿನ ಎರಡು ದಿನ ನಮ್ಮ ಮನೆಯಲ್ಲಿ 'ಹೂಂ', 'ಊಹೂಂ' ಎರಡೇ ಶಬ್ದಗಳು ಚಾಲ್ತಿಯಲ್ಲಿದ್ದವು. ನನಗೆ ನಿಜಕ್ಕೂ ಹೆದರಿಕೆಯಾಯಿತು. ರೊಟ್ಟಿ ಬಿಸಿಯಾಗಿಯೇ ಬೀಳುತ್ತಿತ್ತು, ಆದರೆ ಇನ್ನೊಂದು ಹಾಕಲೇ ಎಂದು ಕೇಳುವವರಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಆ ಇಪ್ಪತ್ತು ಸಾವಿರವನ್ನು ನನ್ನ ಮುಂದಿಟ್ಟು, ಬಡ್ಡಿ ಹೆಚ್ಚಿರುವುದಕ್ಕೆ ತುಂಬಿ ಬನ್ನಿ ಎಂದಳು. ಗಣಿತದ ಮತ ಗೆದ್ದಿತು. ಗೊತ್ತಾಗಿಹೋದ ಮೇಲೆ ಹುಕ್ಕೇರಿಯದೂ ಬರೀ ಸಾಲ, ತನ್ನ ಪಾಳಿ ಕಾಯಲಿ ಎಂಬುದು ಅವಳ ತೀರ್ಪು. ಮಿಕ್ಸರಿಗೆ ಮಾತ್ರ ಮುಂದಿನ ತಿಂಗಳ ನನ್ನ ಪಗಾರದಿಂದ, ನಗದಾಗಿ.

ಆಮೇಲೆ ಹೊರಗೆ ಹೋಗಿ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಇದಕ್ಕೆ ಕ್ಯಾರಿಯರ್ ಯಾಕಿಲ್ಲ ಎಂದು ಕೇಳಿದಳು. ನಾನು ಬೆಪ್ಪಾದೆ. ಎಂಟು ತಿಂಗಳಲ್ಲಿ ಅವಳು ಅದಕ್ಕೆ ಒಂದು ಕೈಚೀಲ ಸಹ ನೇತುಹಾಕಿರಲಿಲ್ಲ, ಒಂದು ಕೊರತೆಯನ್ನೂ ಹೇಳಿರಲಿಲ್ಲ. ಮಂದಿ ಕೊಟ್ಟದ್ದರ ಹಲ್ಲು ಎಣಿಸಬಾರದೆಂದು ಸುಮ್ಮನಿದ್ದಳು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಗೋಕಾಕದ ಸೈಕಲ್ ಅಂಗಡಿಯವನು ಇಂಥ ಸೈಕಲ್ಲಿಗೆ ಕ್ಯಾರಿಯರ್ ಹಾಕಿದರೆ ಕೆಟ್ಟದಾಗಿ ಕಾಣುತ್ತದೆ ಎಂದು ಗೊಣಗುತ್ತಲೇ ಕಬ್ಬಿಣದ್ದೊಂದನ್ನು ಕೂರಿಸಿದ. ಈಗ ಭಾನುವಾರ ನಾನು ಹಿಂದೆ ಜೋಳದ ಚೀಲ ಕಟ್ಟಿಕೊಂಡು ಗಿರಣಿಗೆ ಹೋಗುತ್ತೇನೆ. ಗೇರುಗಳಲ್ಲಿ ಹಿಟ್ಟು ಕೂತಿದೆ, ನೀಲಿ ಬಣ್ಣ ಅಲ್ಲಲ್ಲಿ ಕಿತ್ತುಹೋಗಿದೆ. ಮೊನ್ನೆ ಹಿಟ್ಟು ಇಳಿಸುತ್ತ, ಎಷ್ಟು ಚೆಂದ ಇತ್ತಲ್ಲ ಈ ಸೈಕಲ್ಲು ಎಂದು ಸ್ವಲ್ಪ ಮರುಗಿದೆ. ಸುಮಂಗಲಾ ಚೀಲದ ಇನ್ನೊಂದು ತುದಿ ಹಿಡಿದಿದ್ದಳು.

"ಮಂದೀದು ಇದ್ದಾಗ ಚೆಂದ ಇತ್ತು," ಎಂದಳು. "ಈಗ ನಮ್ಮದಾತು."