ಡೈನಮೊ ಮಾವ ಕೊಟ್ಟ ಅರ್ಥಿಂಗ್

ಆ ಬೀದಿಯಲ್ಲಿ ಕಾರು ಕೆಟ್ಟವರಿಗೆಲ್ಲ ಅವರು ಡೈನಮೊ ಮಾವ. ನಲವತ್ತು ವರ್ಷ ಕಾರಿನ ವೈರಿಂಗ್ ಬಿಟ್ಟು ಬೇರೆ ಕಸುಬು ಕಂಡವರಲ್ಲ. ದೀಪ ಮಿಣುಕುತ್ತದೆ ಎಂದು ಯಾರಾದರೂ ಗಾಡಿ ತಂದರೆ ಬಾನೆಟ್ ಎತ್ತುವ ಮೊದಲು ಕೇಳುತ್ತಿದ್ದರು, "ಹಾರ್ನ್ ಹೊಡೆದಾಗ ಮಿಣುಕುತ್ತೋ, ಬ್ರೇಕ್ ಒತ್ತಿದಾಗಲೋ?" ಅರ್ಧ ರೋಗ ಅಲ್ಲೇ ಸಿಕ್ಕಿಬೀಳುತ್ತಿತ್ತು. ಉಳಿದರ್ಧಕ್ಕೆ ಅವರ ಬಳಿ ಒಂದೇ ಮಂತ್ರ: ಅರ್ಥಿಂಗ್ ನೋಡು. ಕಾರಿನಲ್ಲಿ ಬಲ್ಬಿಗೆ ಹೋಗುವುದು ಒಂದೇ ವೈರು. ಕರೆಂಟು ಬ್ಯಾಟರಿಗೆ ಮರಳುವುದು ಗಾಡಿಯ ಕಬ್ಬಿಣದ ಮೈಯಲ್ಲೇ. ಆ ಮೈಗೆ ಗಟ್ಟಿಯಾಗಿ ಮುಟ್ಟಿಸಿದರೆ ದೀಪ ಅಲುಗುವುದಿಲ್ಲ.

ಎರಡು ಬೀದಿ ಆಚೆ ಮಗಳ ಮನೆ. ಆರು ಮನೆಗಳ ಕಟ್ಟಡ, ಅವಳದು ಎರಡನೇ ಮಹಡಿ. ಬಚ್ಚಲಿಗೆ ಕಿಟಕಿಯಿಲ್ಲ, ಹಗಲಲ್ಲೂ ದೀಪ ಬೇಕು. ಅಲ್ಲಿಯ ದೀಪ ಒಂದು ವಾರದಿಂದ ಕಣ್ಣು ಹೊಡೆಯುತ್ತಿತ್ತು.

"ವೈರ್‌ಮನ್ ಅಣ್ಣನ್ನ ಕರೀತೀನಪ್ಪ," ಎಂದಿದ್ದಳು ಮಗಳು.

"ಆ ಗೋಡೆ ಕೊರೆಯೋ ಹುಳನ್ನಾ? ನಾನಿನ್ನೂ ಬದುಕಿದೀನಿ ಕಣೇ."

ಅಂದು ಬೆಳಿಗ್ಗೆಯೇ ಹೋಗಿ ನೋಡಿದರು. ದೀಪಕ್ಕೆ ಕರೆಂಟು ಸರಿಯಾಗಿ ಬರುತ್ತಿತ್ತು. ಮರಳುವ ನ್ಯೂಟ್ರಲ್ ವೈರು ಗೋಡೆಯೊಳಗೆ ಎಲ್ಲೋ ಸಡಿಲವಾಗಿರಬೇಕು ಎಂದುಕೊಂಡರು. ಗೋಡೆ ಒಡೆಯುವುದು ಯಾರಿಗೆ ಬೇಕು? ಬಚ್ಚಲಲ್ಲೇ ನೀರಿನ ಕಬ್ಬಿಣದ ಪೈಪು ಕೈಗೆಟುಕುವಂತಿತ್ತು, ನೇರ ನೆಲದೊಳಗೆ ಇಳಿದಿತ್ತು. ಕೈ ತನ್ನಷ್ಟಕ್ಕೆ ಹಳೆಯ ಅಭ್ಯಾಸದಂತೆ ನಡೆಯಿತು. ದೀಪದಿಂದ ಮರಳುವ ವೈರನ್ನು ಪೈಪಿಗೆ ಬಿಗಿದರು. ಸ್ವಿಚ್ ಒತ್ತಿದರೆ ದೀಪ ಗಟ್ಟಿಯಾಗಿ ನಿಂತಿತು.

"ನೋಡಿದ್ಯಾ, ಹತ್ತೇ ನಿಮಿಷ!"

"ಆಯ್ತು ಮಹಾರಾಯ, ಹೊರಡು," ಎಂದು ಮಗಳು ನಕ್ಕಳು. "ಹನ್ನೊಂದಕ್ಕೆ ಪ್ಲಂಬರ್ ಬರ್ತಾನೆ. ಕೆಳಗಡೆ ಪೈಪು ತುಕ್ಕು ಹಿಡಿದಿದೆ, ಅದನ್ನ ಕತ್ತರಿಸಿ ಪ್ಲಾಸ್ಟಿಕ್ ಹಾಕ್ತಾನಂತೆ. ನೀರು ಬಂದ ಮೇಲೆ ಪಾಪುಗೆ ಸ್ನಾನ."

ಮಾವ ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು ಅಂಗಡಿಗೆ ಬಂದರು.

ಅಂಗಡಿಯ ಮುಂದೆ ಟೀಚರಮ್ಮನ ಕಾರು ಕಾದಿತ್ತು. ಹೆಡ್‌ಲೈಟ್ ಮಿಣುಕು, ಜೊತೆಗೆ ಸ್ಟಾರ್ಟ್ ಮಾಡುವಾಗ ಸುಟ್ಟ ವಾಸನೆ. ಮಾವ ಬಗ್ಗಿ ನೋಡಿದರು. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥಿಂಗ್ ಪಟ್ಟಿ ತುಕ್ಕು ತಿಂದು ತುಂಡಾಗಿತ್ತು. ಅದರ ಪಕ್ಕದ ಆಕ್ಸಿಲರೇಟರ್ ಕೇಬಲ್ಲಿನ ಹೊದಿಕೆ ಕರಗಿ ಕಪ್ಪಾಗಿತ್ತು.

"ಈ ಕೇಬಲ್ಲಿಗೂ ಕರೆಂಟಿಗೂ ಏನ್ರೀ ಸಂಬಂಧ?" ಟೀಚರಮ್ಮ ಕೇಳಿದರು.

"ಅದರ ದಾರಿ ತುಂಡಾಯ್ತಲ್ಲ ಟೀಚರಮ್ಮ. ದಾರಿ ಇಲ್ಲ ಅಂದ್ರೆ ಕರೆಂಟು ಸುಮ್ನೆ ಕೂರಲ್ಲ. ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು.

ಕಬ್ಬಿಣದ ಪೈಪು ತುಂಡಾದರೆ ಮಗಳ ಬಚ್ಚಲಿನ ಕರೆಂಟಿಗೆ ನೆಲದ ದಾರಿ ಎಲ್ಲಿ? ದೀಪ ಹಾಕಿದ ಕ್ಷಣ ನಲ್ಲಿಗಳಲ್ಲೇ ಕರೆಂಟು ಕಾದು ಕೂತಿರುತ್ತದೆ. ಇದು ಬ್ಯಾಟರಿಯ ಹನ್ನೆರಡು ವೋಲ್ಟ್ ಅಲ್ಲ. ಒದ್ದೆ ಕೈ, ಒದ್ದೆ ನೆಲ, ಒಂಬತ್ತು ತಿಂಗಳ ಕೂಸು.

ಗಡಿಯಾರದಲ್ಲಿ ಹನ್ನೊಂದೂವರೆ. ಫೋನ್ ಮಾಡಿದರು. ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು. ಮತ್ತೆ ಮಾಡಿದರು. ಪಾಪು ಮಲಗಿದ್ದರೆ ಅವಳು ಫೋನಿನ ಬಾಯಿ ಕಟ್ಟಿಡುವವಳು.

ಮಾವ ಓಡಿದರು. ಅರವತ್ತೆಂಟರ ಮಂಡಿ, ಸವೆದ ಚಪ್ಪಲಿ. ಮೊದಲ ತಿರುವಿನಲ್ಲಿ ಒಂದು ಚಪ್ಪಲಿ ಹೋಯಿತು, ಇನ್ನೊಂದನ್ನು ಅವರೇ ಒದ್ದು ಬಿಟ್ಟರು. "ಏನ್ ಮಾವ, ರೇಸಾ?" ಎಂದ ಪಂಕ್ಚರ್ ಅಂಗಡಿಯವನಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ದೇವರ ಹೆಸರು ಕೂಡ ಬಾಯಿಗೆ ಬರಲಿಲ್ಲ, "ಮುಟ್ಬೇಡ, ಮುಟ್ಬೇಡ" ಎಂಬುದೊಂದೇ ಬರುತ್ತಿತ್ತು. ಮೇಲಿರುವವನು ಅದನ್ನೂ ಪ್ರಾರ್ಥನೆ ಎಂದೇ ಕೇಳಿಸಿಕೊಂಡಿರಬೇಕು.

ಕಟ್ಟಡದ ಮೆಟ್ಟಿಲ ಬುಡದಲ್ಲಿ ಆರು ಮೀಟರು, ಆರು ಮೇನ್ ಸ್ವಿಚ್ಚು. ಮಗಳದ್ದು ಯಾವುದು? ಹೆಸರಿಲ್ಲ, ನಂಬರಿಲ್ಲ. ಮಾವ ಆರನ್ನೂ ಒಂದರ ಹಿಂದೊಂದು ಕೆಳಗೆ ಎಳೆದರು. ಇಡೀ ಕಟ್ಟಡ ಕೂಗಿಕೊಂಡಿತು.

"ಯಾವನೋ ಅದು? ನನ್ನ ಮಿಕ್ಸಿ ನಿಂತೋಯ್ತು!"

"ಯಾರೂ ಹಾಕ್ಬೇಡ್ರೀ! ಹಾಕಿದ್ರೆ ಕೈ ಮುರೀತೀನಿ!" ಎಂದು ಕಿರುಚುತ್ತ ಮೆಟ್ಟಿಲು ಹತ್ತಿದರು.

ಬಾಗಿಲು ತೆರೆದಿತ್ತು. ಪ್ಲಂಬರ್ ಕೆಲಸ ಮುಗಿಸಿ ಹೋಗಿದ್ದ. ಕತ್ತಲಾದ ಬಚ್ಚಲ ಬಾಗಿಲಲ್ಲಿ ಮಗಳು, ಸೊಂಟದ ಮೇಲೆ ಬರಿಮೈ ಕೂಸು.

"ಈಗ ತಾನೇ ದೀಪ ಹಾಕಿದ್ದೆ, ಹತ್ಲೇ ಇಲ್ಲ. ಆದ್ರೂ ನಲ್ಲಿ ಮುಟ್ಟಿದ್ರೆ ಜುಂ ಅಂತು. ಕೈ ತೆಗೆಯೋಷ್ಟರಲ್ಲಿ ಕರೆಂಟೂ ಹೋಯ್ತು. ಅಪ್ಪಾ, ನಿನ್ನ ಚಪ್ಪಲಿ ಎಲ್ಲಿ?"

ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ನೆಲ ಇನ್ನೂ ಒದ್ದೆಯಾಗಿರಲಿಲ್ಲ. ಮಾವ ಅದೆರಡನ್ನೂ ನೋಡಿ, "ಆ ವೈರ್‌ಮನ್ನನ್ನ ಕರಿ," ಎಂದರು.

ಅರ್ಧ ಗಂಟೆಯಲ್ಲಿ ವೈರ್‌ಮನ್ ಬಂದ. ಪೈಪಿಗೆ ಬಿಗಿದ ವೈರು ನೋಡಿದ್ದೇ ಅವನ ಮುಖ ಬಿಗಿಯಿತು.

"ಇದ್ಯಾವ ಪುಣ್ಯಾತ್ಮನ ಕೆಲಸ ಅಕ್ಕಾ?"

"ಹಳೇ ಬಾಡಿಗೆಯವರದು ಇರ್ಬೇಕು," ಎಂದಳು ಮಗಳು, ಅಪ್ಪನ ಕಡೆ ನೋಡದೆ.

"ಅಲ್ಲ. ನಾನೇ ಕೊಟ್ಟಿದ್ದು," ಎಂದರು ಮಾವ. "ಕಾರಿನ ಬುದ್ಧಿ."

ವೈರ್‌ಮನ್ ನಗಲಿಲ್ಲ, ಬೈಯಲೂ ಇಲ್ಲ. ಪೈಪಿನ ವೈರು ಬಿಚ್ಚಿದ. ಟಾರ್ಚನ್ನು ಮಾವನ ಕೈಗೆ ಕೊಟ್ಟು ಪಡಸಾಲೆಯ ಸ್ವಿಚ್‌ಬೋರ್ಡ್ ತೆರೆದ. ಸಡಿಲವಾದ ನ್ಯೂಟ್ರಲ್ ಸ್ಕ್ರೂ ಅಲ್ಲೇ ಇತ್ತು. ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿದ. ಆಮೇಲೆ ಮೆಲ್ಲಗೆ ಕೇಳಿದ:

"ಮಾವ, ಹೀಗೆ ಇನ್ನೆಲ್ಲಾದ್ರೂ ಕೊಟ್ಟಿದೀರಾ?"

ಟಾರ್ಚಿನ ಬೆಳಕು ಬೋರ್ಡಿನಿಂದ ಜಾರಿತು.

"ನನ್ನ ತಂಗಿ ಮನೇಲಿ. ಹೋದ ತಿಂಗಳು."

ಮಾವ ಕೂಡಲೇ ಅವಳಿಗೆ ಫೋನ್ ಮಾಡಿದರು. ಮೂರು ಸಲ ಹೊಡೆದುಕೊಂಡಿತು. ನಾಲ್ಕನೆಯದಕ್ಕೆ ತಂಗಿಯ ದನಿ, "ಏನಣ್ಣಾ, ಅಪರೂಪಕ್ಕೆ? ತಡಿ, ಪಾತ್ರೆ ತೊಳೀತಿದೀನಿ, ಕೈ ಒದ್ದೆ..."

"ನಲ್ಲಿ ಮುಟ್ಬೇಡ! ಮೊದ್ಲು ಕೈ ಒರೆಸ್ಕೋ. ಚಪ್ಪಲಿ ಹಾಕ್ಕೊಂಡು ಹೋಗಿ ಮೇನ್ ಇಳಿಸು. ಬೈಯೋದನ್ನ ಆಮೇಲೆ ಬೈಯಿ."

ಅತ್ತ ಹೆಜ್ಜೆಯ ಸದ್ದು. ಮತ್ತೆ ಏನೂ ಇಲ್ಲ. ವೈರ್‌ಮನ್ ಸ್ಕ್ರೂಡ್ರೈವರ್ ಹಿಡಿದಂತೆಯೇ ನಿಂತಿದ್ದ. ಮಗಳು ಕೂಸಿನ ಬಾಯಿಗೆ ಬೆರಳಿಟ್ಟಿದ್ದಳು.

"ಹೂಂ, ಇಳಿಸ್ದೆ. ಫ್ಯಾನ್ ನಿಂತೋಯ್ತು. ಈಗ್ಲಾದ್ರೂ ಹೇಳು, ಏನು ಮಾಡಿಟ್ಟಿದೀಯ ನನ್ನ ಮನೇಲಿ?"

"ಬಂದು ಹೇಳ್ತೀನಿ ಕಣೇ," ಎಂದು ಮಾವ ಬರಿಗಾಲಲ್ಲೇ ವೈರ್‌ಮನ್ನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡರು.