ಹಸುವಿಗೆ ಯಾರು ಮಣೆ ಹಾಕಿದರು?

ಸಾತನೂರಿನ ಹತ್ತಿರದ ನನ್ನ ಗಂಡನ ಮನೆಯಲ್ಲಿ ಫ್ರಿಜ್ಜಿನ ಮುಂದೆ ಸದಾ ಒಂದು ಮರದ ಮಣೆ ಇರುತ್ತಿತ್ತು. ಅದರ ಮೇಲೆ ನಿಂತೇ ಬಾಗಿಲು ತೆಗೆಯಬೇಕು. ಬರಿನೆಲದ ಮೇಲೆ ನಿಂತು ಮುಟ್ಟಿದರೆ ಶಾಕ್! ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ನನಗೆ ದೇವರ ಗೂಡು, ಉಪ್ಪಿನ ಜಾಡಿ, ಈ ಮಣೆ ಮೂರನ್ನೂ ತೋರಿಸಿದ್ದರು. ಮನೆಯ ವೈರಿಂಗ್ ಮಾವನ ಕೈಕೆಲಸ. ಅದರ ಬಗ್ಗೆ ಯಾರೂ ಕೆಮ್ಮುವಂತಿರಲಿಲ್ಲ. "ಒಸಿ ಜುಂ ಅಂತದೆ, ಅಷ್ಟೆಯ. ಕರೆಂಟು ಐತೆ ಅಂತ ಗೊತ್ತಾಯ್ತದೆ" ಅನ್ನುತ್ತಿದ್ದರು ಮಾವ.

ಆಮೇಲೆ ಹಾಲು ಕರೆಯುವ ಮೆಷಿನ್ ಬಂತು. ನನ್ನ ತವರಿನವರು ಕೊಟ್ಟಿದ್ದ ಹಸು, ಕೈಯಲ್ಲಿ ಕರೆದರೆ ಕಣ್ಣು ಮುಚ್ಚಿ ನಿಲ್ಲುವಂಥದ್ದು, ಮೆಷಿನ್ ಹಾಕಿದ ತಕ್ಷಣ ಝಾಡಿಸಿ ಒದೆಯಿತು. ಮೂರು ದಿನ ಇದೇ ಪಾಡು. ಅತ್ತೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಮಾವ ತೀರ್ಪು ಕೊಟ್ಟರು: "ನಿಮ್ಮ ತವರಿನ ಹಸ ಒದಿಯೋ ಜಾತಿ ಕಣವ್ವ. ಶುಕ್ರವಾರ ದಳ್ಳಾಳಿ ಬತ್ತಾನೆ, ಮಾರ್ಬುಡದೆಯ."

ನನಗೆ ಮೈಯೆಲ್ಲ ಉರಿದುಹೋಯಿತು. ಕರುವಾಗಿದ್ದಾಗ ನಾನೇ ಬೂಸಾ ತಿನ್ನಿಸಿ ಸಾಕಿದ ಹಸು! ಅಳುತ್ತ ಕೊಟ್ಟಿಗೆಗೆ ಹೋಗಿ, ಓಡುತ್ತಿದ್ದ ಮೆಷಿನ್ನನ್ನು ಬರಿಗಾಲಲ್ಲೇ ಮುಟ್ಟಿದೆ. ಥೂ, ಫ್ರಿಜ್ಜಿನದೇ ಜುಂ! ಅಯ್ಯೋ ನನ್ನವ್ವ, ನಿನಗೆ ಯಾರು ಮಣೆ ಹಾಕಿದರು?

ಮಾವ ಬೇಡವೆಂದರೂ ಕೇಳದೆ ಗುರುವಾರ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಕೊಟ್ಟಿಗೆಯ ಕಬ್ಬಿಣದ ಸ್ವಿಚ್ ಬಾಕ್ಸಿಗೆ ಟೆಸ್ಟರ್ ಇಟ್ಟ. ಟೆಸ್ಟರಿನ ದೀಪ ಪಕ್ಕನೆ ಉರಿಯಿತು. ಸಾಕೆಟ್ ಬಿಚ್ಚಿದರೆ ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ.

"ಅರ್ಥಿಂಗೇ ಕೊಟ್ಟಿಲ್ವಲ್ಲ ಯಜಮಾನ್ರೆ! ಸೋರಿ ಭೂಮಿಗೆ ಹೋಗ್ಬೇಕಾದ ಕರೆಂಟು ಹಸೀನ ಮೈಗೆ ಹೋಯ್ತಾ ಐತೆ. ಅರ್ಥಿಂಗಿನ ಹಸಿರು ವೈರ್ ತಂದಿರ್ನಿಲ್ವಾ?"

ಮಾವನ ಕಣ್ಣು ಅಂಗಳಕ್ಕೆ ಹೋಯಿತು. ಅಲ್ಲಿ ಎರಡು ಕಂಬಗಳ ನಡುವೆ ಬಿಗಿದಿದ್ದ ಹಸಿರು ವೈರಿನ ಮೇಲೆ ನನ್ನ ಸೀರೆ ಒಣಗುತ್ತಿತ್ತು.

"ಎರಡು ವೈರ್‌ಗೇ ಬಲ್ಬು ಉರೀತಲ್ಲ… ಮೂರ್ನೇದು ಯಾಕೆ ದಂಡಕ್ಕೆ ಅಂತ…"

ಅವತ್ತೇ ಅರ್ಥಿಂಗಿಗೆ ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಇದ್ದಿಲು, ಉಪ್ಪು ತುಂಬಿಸಿ, ಮನೆಯ ಒಂದೊಂದು ಸಾಕೆಟ್ಟಿಗೂ ಕಬ್ಬಿಣದ ಬಾಕ್ಸಿಗೂ ಹೊಸ ವೈರು ಎಳೆಸಿದ್ದಾಯಿತು. ಮಾರನೆಯ ಬೆಳಿಗ್ಗೆ ಮೆಷಿನ್ ಓಡಿತು. ಹಸು ಮೆಲುಕು ಹಾಕುತ್ತ ನಿಂತಿತ್ತು. ನನ್ನ ತವರನ್ನು ಆಡಿಕೊಂಡ ಮಾವನಿಗೆ ಅನ್ನಬೇಕೆಂದು ನಾಲ್ಕು ಮಾತು ಕೂಡಿಟ್ಟುಕೊಂಡು ಹೊರಗೆ ಬಂದೆ. ಒಣಗಲು ಬಿಡಬಾರದೆಂದು ಎಲೆಕ್ಟ್ರಿಷಿಯನ್ ಹೇಳಿಹೋಗಿದ್ದ ಅರ್ಥಿಂಗ್ ಗುಂಡಿಗೆ ಅವರು ಕೊಡದಿಂದ ನೀರು ಹಾಕುತ್ತಿದ್ದರು. ದಳ್ಳಾಳಿ ಬಂದು ಬಾಗಿಲಲ್ಲಿ ನಿಂತಿದ್ದ.

"ಹೋಗ್ಲಾ, ಹಸ ನೆಟ್ಟಗೇ ಐತೆ" ಎಂದರು ಮಾವ, ತಲೆ ಎತ್ತದೆ. "ಬುದ್ಧಿ ಇಲ್ದೆ ಇದ್ದದ್ದು ನಂಗೆ."